ಟ್ಯಾಂಕಿನ ಮೂತಿ ಯಾವ ಕಡೆಗೆ?

ಹಳೆಯ ಸಾಮಾನಿನ ವಿಷಯದಲ್ಲಿ ನಾನು ಬಹಳ ದುರ್ಬಲ ಮನುಷ್ಯ. ಹಿಡಿ ಮುರಿದ ಛತ್ರಿ, ತಿರುಗುವುದನ್ನು ಬಿಟ್ಟು ಬರೀ ಗುಂಯ್‌ಗುಟ್ಟುವ ಟೇಬಲ್ ಫ್ಯಾನು, ಒಂದೇ ಕಾಲಿನ ಚಪ್ಪಲಿ, ಯಾವುದನ್ನೂ ಎಸೆಯಲು ನನಗೆ ಮನಸ್ಸು ಬರುವುದಿಲ್ಲ. ಎಲ್ಲವೂ ಅಟ್ಟ ಸೇರುತ್ತವೆ. ವರ್ಷಕ್ಕೊಮ್ಮೆ ನನ್ನ ಹೆಂಡತಿ ಸರೋಜ ಏಣಿ ಹತ್ತಿ ನೋಡಿ, "ಇದೇನ್ರೀ, ಮನೇನೋ ಗುಜರಿ ಅಂಗಡೀನೋ?" ಎನ್ನುತ್ತಾಳೆ. ಮನುಷ್ಯರಿಗಾದರೆ ಅಟ್ಟವಿದೆ, ಸೈನ್ಯಕ್ಕೆ ಏನಿದೆ ಎಂದು ನಾನು ಒಮ್ಮೆ ಯೋಚಿಸಿದ್ದುಂಟು. ಯುದ್ಧದ ಟ್ಯಾಂಕಿಗೂ ವಯಸ್ಸಾಗುತ್ತದಲ್ಲ! ವಿಚಾರಿಸಿದಾಗ ತಿಳಿದದ್ದು ಇಷ್ಟು. ಕೆಲವನ್ನು ತುಂಡು ಮಾಡಿ ಕುಲುಮೆಗೆ ಹಾಕುತ್ತಾರಂತೆ. ಕೆಲವನ್ನು ಬಯಲಿನಲ್ಲಿ ನಿಲ್ಲಿಸಿ ಹೊಸ ಟ್ಯಾಂಕುಗಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾರಂತೆ. ಇದನ್ನು ಕೇಳಿ ನಿವೃತ್ತಿಯ ಹತ್ತಿರವಿರುವ ನಾನು ಕ್ಯಾಲೆಂಡರು ತೆಗೆದು ಇನ್ನೆಷ್ಟು ತಿಂಗಳು ಉಳಿದಿದೆ ಎಂದು ಎಣಿಸಿದೆ. ಕೆಲವು ದೇಶಗಳಲ್ಲಿ ಸಮುದ್ರಕ್ಕೇ ತಳ್ಳಿಬಿಡುತ್ತಾರಂತೆ, ಮೀನುಗಳು ಒಳಗೆ ಸಂಸಾರ ಹೂಡುತ್ತವಂತೆ. ಇನ್ನು ಪುಣ್ಯ ಮಾಡಿದ ಕೆಲವು ಟ್ಯಾಂಕುಗಳು ಹೊಸ ಬಣ್ಣ ಬಳಿಸಿಕೊಂಡು ಯಾವುದಾದರೂ ಊರಿನ ಸರ್ಕಲ್ಲಿನಲ್ಲೋ ಕಾಲೇಜಿನ ಗೇಟಿನಲ್ಲೋ ನಿಂತು, ಹುಡುಗರ ಸೆಲ್ಫಿಗಳಲ್ಲಿ ಸುಖವಾಗಿ ಕಾಲ ಕಳೆಯುತ್ತವೆ. ಅಂಥದ್ದೊಂದು ನಮ್ಮ ಮಧುಗಿರಿಗೆ ಬಂತು. ಬಂದದ್ದು ನನ್ನಿಂದ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ದೀಪಾವಳಿಯಲ್ಲಿ ಆನೆಪಟಾಕಿಗೆ ಬತ್ತಿ ಹಚ್ಚಬೇಕಾದರೆ ಊದುಬತ್ತಿಯನ್ನು ಕೋಲಿನ ತುದಿಗೆ ಕಟ್ಟಿಕೊಳ್ಳುವವನು. ನನಗೂ ಟ್ಯಾಂಕಿಗೂ ಏನು ಸಂಬಂಧ? ಆದರೆ ನಮ್ಮ ಪ್ರಾಂಶುಪಾಲರು ಒಂದು ದಿನ ಕರೆದು, "ನೀವು ಹಿಂದೆ ಎನ್.ಸಿ.ಸಿ.ಯಲ್ಲಿದ್ದಿರಲ್ಲ ಮೇಷ್ಟ್ರೇ, ಒಂದು ಟ್ಯಾಂಕಿಗೆ ಅರ್ಜಿ ಬರೀರಿ" ಎಂದರು. ನಾನು ಎನ್.ಸಿ.ಸಿ. ಸೇರಿದ್ದು ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ಪೂರಿ-ಸಾಗುವಿಗಾಗಿ ಎಂದು ಹೇಳಲು ಆಗಲೂ ಧೈರ್ಯ ಬರಲಿಲ್ಲ. ಅರ್ಜಿ ಬರೆದೆ. ಬರೆದದ್ದನ್ನು ಮರೆತೂಬಿಟ್ಟೆ. ಸೈನ್ಯದವರು ಮರೆಯಲಿಲ್ಲ. ಚೊಕ್ಕಟವಾಗಿ ಇಟ್ಟುಕೊಳ್ಳಬೇಕು, ಬಣ್ಣ ಬದಲಿಸಬಾರದು, ಬಿಡಿಭಾಗ ಕಳಚಬಾರದು ಎಂಬ ಷರತ್ತುಗಳ ಪಟ್ಟಿ ಬಂತು. ಅದರ ಕೆಳಗೆ 'ಟ್ಯಾಂಕ್ ಉಸ್ತುವಾರಿ' ಎಂದು ನಾನೇ ರುಜು ಹಾಕಿದೆ.

ಅದು ಬಂದ ದಿನ ನೋಡಬೇಕಿತ್ತು. ಉದ್ದನೆಯ ಟ್ರೇಲರಿನ ಮೇಲೆ ಕೊರಟಗೆರೆ ದಾಟಿ ಬರುವಷ್ಟರಲ್ಲಿ ದಾರಿಯಲ್ಲಿ ಹೆಂಗಸರು ಆರತಿ ಎತ್ತಿ, ಕುಂಕುಮ ಬಳಿದು, ಫಿರಂಗಿಯ ಕೊಳವೆಗೆ ನಿಂಬೆಹಣ್ಣಿನ ಹಾರ ಹಾಕಿದ್ದರು. ಟ್ರೇಲರಿನ ಡ್ರೈವರನ ಹಣೆಯೂ ಕೆಂಪಗೆ ತುಂಬಿಹೋಗಿತ್ತು. ಗೇಟಿನ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ, ಮೂತಿಯನ್ನು ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿದೆವು. ರಸ್ತೆಯಲ್ಲಿ ಹೋಗುವವರಿಗೆ ಗಂಭೀರವಾಗಿ ಕಾಣಲಿ ಎಂಬ ಸಲಹೆಯೂ ನನ್ನದೇ. ಒಂದು ವಾರದಲ್ಲಿ ಅದು ಊರಿನ ಆಸ್ತಿಯಾಯಿತು. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಅದರ ನೆರಳಲ್ಲಿ ಮಲಗಿದವು. ಒಂದು ಮೇಕೆಮರಿ ದಿನವೂ ಮೇಲಕ್ಕೆ ಹತ್ತಿ, ಕೊಳವೆಯ ಬುಡದಲ್ಲಿ ನಿಂತು ಊರನ್ನು ನೋಡುತ್ತಿತ್ತು. ಇವೆಲ್ಲ ಷರತ್ತಿನಲ್ಲಿ ಇರಲಿಲ್ಲವಾದ್ದರಿಂದ ನಾನು ಸಂತೋಷವಾಗಿದ್ದೆ.

ರಸ್ತೆಯ ಆಚೆ, ಸರಿಯಾಗಿ ಎದುರಿಗೆ, ಪುಟ್ಟರಂಗಪ್ಪನ ಮನೆ. ತಾತನ ಕಾಲದಿಂದ ಕುರಿ ಸಾಕಿದ ಮನೆತನ. ಈಗ ಕುರಿ ವ್ಯಾಪಾರವೂ ಇದೆ, ಮೇಲೆ ಮಹಡಿಯೂ ಎದ್ದಿದೆ. ಟ್ಯಾಂಕು ಬಂದ ಹೊಸದರಲ್ಲಿ ಅವನಿಗೆ ಹೆಮ್ಮೆಯೋ ಹೆಮ್ಮೆ. "ಮನೆ ಗುರುತು ಹೇಳಾದು ಸಲೀಸಾಗೋಯ್ತು ಕಣ್ ಮೇಷ್ಟ್ರೇ. ಫಿರಂಗಿ ತುದಿಯಿಂದ ನೆಟ್ಟಗೆ ನಡ್ಕಂಡ್ ಬನ್ನಿ ಅಂದ್ರಾಯ್ತು" ಎನ್ನುತ್ತಿದ್ದ. ಹಾಗೆ ನೆಟ್ಟಗೆ ನಡೆದುಕೊಂಡು ಒಂದು ಭಾನುವಾರ ಅವನ ಮಗಳು ಸುಧಾಳನ್ನು ನೋಡಲು ನಿಡುಗಲ್ಲಿನಿಂದ ಗಂಡಿನ ಕಡೆಯವರು ಬಂದರು.

ಸುಧಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಹುಡುಗ ಪಾವಗಡದ ಕಡೆ ಸೋಲಾರ್ ಪ್ಲೇಟುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಎಲ್ಲವೂ ಒಪ್ಪಿಗೆಯಾಗಿ ಶಾಸ್ತ್ರಕ್ಕೆ ಬಂದಿದ್ದರು. ನಾನು ಮನೆಯಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. "ಮೇಷ್ಟ್ರೇ, ಓಡ್ಬನ್ನಿ! ನಿಮ್ ಟ್ಯಾಂಕು ನಮ್ಮನೆ ಮದ್ವೆ ನಿಲ್ಲುಸ್ಬುಡ್ತು!"

ಓಡಿದೆ. ಹುಡುಗನ ಸೋದರಮಾವ ಬಾಗಿಲ ತನಕ ಬಂದು, ಚಪ್ಪಲಿ ಬಿಟ್ಟು, ಯಾಕೋ ಹಿಂದಿರುಗಿ ನೋಡಿ, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿ ನಿಂತುಬಿಟ್ಟಿದ್ದರು. ಬಿಳಿ ಮೀಸೆಯ, ಗಟ್ಟಿ ಮನುಷ್ಯ. ಮನೆ ಬಾಗಿಲಿಗೆ ನೇರವಾಗಿ ರಸ್ತೆ ಬಂದು ತಾಗಿದರೆ ಬೀದಿ ಕುತ್ತು ಎಂದು ನಮ್ಮಲ್ಲಿ ಹೆದರುತ್ತಾರೆ, ಅಂಥ ಮನೆಯಿಂದ ಹೆಣ್ಣು ತರುವುದಿಲ್ಲ. ಇಲ್ಲಿ ರಸ್ತೆಯಲ್ಲ, ಫಿರಂಗಿ.

"ಸಾರೂ, ನೀವು ಓದಿದೋರು. ಇದರ ಗುರಿ ಯಾಡಿಗೈತೆ ಚೂಡಂಡಿ, ನೀವೇ ನೋಡಿ" ಎಂದು ಗಡಿ ಕಡೆಯ ತೆಲುಗು ಬೆರೆಸಿ ಅಂದರು.

"ಒಳಗೆ ಗುಂಡೂ ಇಲ್ಲ, ಮದ್ದೂ ಇಲ್ಲ ಯಜಮಾನರೇ. ಎಲ್ಲಾ ವೆಲ್ಡ್ ಮಾಡಿಬಿಟ್ಟಿದ್ದಾರೆ" ಎಂದು ನಾನು ವಿವರಿಸಿದೆ.

"ಗುಂಡಿದ್ರೆ ಒಂದ್ಸಲ ಹೊಡ್ದು ಮುಗೀತದೆ ಸಾರೂ. ಇಲ್ದೇ ಇರೋ ಗುಂಡು ದಿನಾ ಹೊಡೀತಾನೇ ಇರ್ತದೆ. ಅದನ್ನ ತಿರುಗ್ಸಿ, ಆಮೇಲೆ ಮಾತು."

ಮೂವತ್ತೈದು ವರ್ಷ ಅಲಂಕಾರಶಾಸ್ತ್ರ ಬೋಧಿಸಿದ ನಾನು ಇದು ಯಾವ ಅಲಂಕಾರವೆಂದು ಲೆಕ್ಕ ಹಾಕತೊಡಗಿದೆ. ಅವರು ಉಪ್ಪಿಟ್ಟನ್ನೂ ಮುಟ್ಟದೆ ಹೊರಟುಹೋದರು. ಹುಡುಗ ಮಾತ್ರ ಕಾರಿನ ಕಿಟಕಿಯಿಂದ ಕತ್ತು ಹೊರಚಾಚಿ ತಿರುವಿನ ತನಕ ನೋಡುತ್ತಲೇ ಇದ್ದ.

ಪುಟ್ಟರಂಗಪ್ಪ ಸುಮ್ಮನೆ ಕೂರಲಿಲ್ಲ. ಬಾಗಿಲಿಗೆ ಬೂದುಗುಂಬಳ ಕಟ್ಟಿದ. ಸಾಲದೆಂದು ಯಾರೋ ಹೇಳಿದ ಮೇಲೆ, ಬಂದ ಕೆಡುಕು ಹಾಗೇ ವಾಪಸು ಹೋಗಲಿ ಎಂದು ತಲೆಬಾಗಿಲ ಮೇಲೆ ಒಂದು ದೊಡ್ಡ ಕನ್ನಡಿ ಹೊಡೆಸಿದ. ಕನ್ನಡಿ ಸ್ವಲ್ಪ ವಾರೆಯಾಗಿ ಕೂತಿತು. ಮರುದಿನ ಬೆಳಿಗ್ಗೆ ಪಕ್ಕದ ಹಿಟ್ಟಿನ ಗಿರಣಿಯ ಗಂಗಣ್ಣ ನನ್ನ ಮುಂದೆ ನಿಂತಿದ್ದ. "ಅವ್ನ ಕನ್ನಡೀಲಿ ಫಿರಂಗಿ ತಿರುಕ್ಕೊಂಡು ನನ್ ಮಿಲ್ಲಿಗೇ ನೆಟ್ಟೈತೆ ಸಾರ್. ನೆನ್ನೆಯಿಂದ ಬೆಲ್ಟು ಎಲ್ಡ್ ಸಲ ಕಿತ್ತೋಯ್ತು!" ಸಂಜೆ ಕನ್ನಡಿ ಇಳಿಯಿತು. ಅಷ್ಟರಲ್ಲಿ ಊರಿನವರೆಲ್ಲ ಸಿಕ್ಕಸಿಕ್ಕಲ್ಲಿ ನನ್ನನ್ನು ನಿಲ್ಲಿಸಿ, ಹುಡುಗಿಯ ಮದುವೆ ಏನಾಯಿತು ಎಂದು ನಾನೇ ಹೆತ್ತವನೇನೋ ಎಂಬಂತೆ ಕೇಳತೊಡಗಿದ್ದರು.

ಕೊನೆಗೆ ಸುಧಾಳೇ ಸ್ಟಾಫ್ ರೂಮಿಗೆ ಬಂದಳು. "ಅಪ್ಪ ಏನಾದ್ರೂ ಅಂದಿದ್ರೆ ಬೇಜಾರ್ ಮಾಡ್ಕೋಬೇಡಿ ಸಾರ್. ಆದ್ರೆ ಅದನ್ನ ತಿರುಗಿಸಿಕೊಡಿ."

"ಹುಡುಗನೂ ಇದನ್ನೆಲ್ಲ ನಂಬ್ತಾನೇನಮ್ಮಾ?"

"ಅವ್ರಿಗೆ ಫಿರಂಗಿ ಭಯ ಇಲ್ಲ ಸಾರ್, ಸೋದರಮಾವನ ಭಯ. ಚಿಕ್ಕೋರಿದ್ದಾಗಿಂದ ಸಾಕಿದ್ದು ಅವರೇ." ಹೇಳುತ್ತಾ ಕಣ್ಣು ತುಂಬಿಕೊಂಡಳು. ಮೊದಲ ಬೆಂಚಿನಲ್ಲಿ ಕೂತು ಎಲ್ಲ ಪ್ರಶ್ನೆಗೂ ಕೈ ಎತ್ತುತ್ತಿದ್ದ ಹುಡುಗಿ, ನನ್ನ ದಡ್ಡ ಸಲಹೆಯಿಂದಾಗಿ ಅಳುತ್ತಿದ್ದಾಳೆ ಎನಿಸಿ ನನಗೆ ನಿಜವಾಗಿಯೂ ಸಂಕಟವಾಯಿತು. ಷರತ್ತುಗಳ ಪಟ್ಟಿ ತೆಗೆದು ಮತ್ತೆ ಮತ್ತೆ ಓದಿದೆ. ದಿಕ್ಕಿನ ಮಾತೇ ಅದರಲ್ಲಿ ಇರಲಿಲ್ಲ.

ಆದರೆ ತಿರುಗಿಸುವುದು ಯಾವ ಕಡೆಗೆ? ಮೂತಿಯೊಂದನ್ನೇ ತಿರುಗಿಸೋಣವೆಂದರೆ ಅದಕ್ಕೂ ವೆಲ್ಡಿಂಗ್ ಆಗಿದೆ. ತಿರುಗಬೇಕಾದರೆ ಮೂವತ್ತು ಚಿಲ್ಲರೆ ಟನ್ನಿನ ಇಡೀ ಟ್ಯಾಂಕೇ ತಿರುಗಬೇಕು. ಪ್ರಾಂಶುಪಾಲರು ಸಭೆ ಕರೆದರು. ಪೂರ್ವಕ್ಕೆ ಹೆರಿಗೆ ಆಸ್ಪತ್ರೆ, ಬೇಡ. ಪಶ್ಚಿಮಕ್ಕೆ ಹೋಟೆಲು, ಅದರ ಮಾಲೀಕರು ಸಭೆಗೆ ಬಿಸಿ ಬೋಂಡಾ ಕಳಿಸಿದ್ದರು, ಬೇಡ. ಉತ್ತರಕ್ಕೆ ಮಾಡಿದರೆ ಪಾವಗಡ, ನಿಡುಗಲ್ಲಿನ ಕಡೆ, ಅಂದರೆ ಬೀಗರ ಊರಿಗೇ ಗುರಿ. ದಕ್ಷಿಣ ಯಮನ ದಿಕ್ಕು, ಜೊತೆಗೆ ಪ್ರಾಂಶುಪಾಲರ ಕೊಠಡಿಯೂ ಆ ದಿಕ್ಕಿಗೇ ಇದೆ. ಬೋಂಡಾ ಮುಗಿಯುವ ಹೊತ್ತಿಗೆ, ಸೂಕ್ತ ದಿಕ್ಕನ್ನು ಉಸ್ತುವಾರಿಯವರು ಸ್ಥಳದಲ್ಲೇ ನಿರ್ಧರಿಸತಕ್ಕದ್ದು ಎಂದು ಠರಾವಾಯಿತು.

ಶಿರಾದ ರಹಮತ್ ಸಾಹೇಬರು ಕಲ್ಲುಗಣಿಯಲ್ಲಿ ದೊಡ್ಡ ಕ್ರೇನ್ ನಡೆಸುವವರು. ಮದುವೆಯ ವಿಷಯ ಎಂದಕೂಡಲೇ ಒಪ್ಪಿ ಬಂದರು. ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿ, "ಕಲ್ಲು ಹೆಂಗ್ ಕೂತ್ರೂ ಯಾರೂ ಕೇಳಲ್ಲ ಸಾಬ್. ಇದಕ್ಕೆ ಮುಖ ಐತಲ್ಲ, ಅದೇ ಫಜೀತಿ" ಎಂದು ಗಡ್ಡ ನೀವಿಕೊಂಡರು. ಆ ಹೊತ್ತಿಗೆ ಊರೆಲ್ಲ ಕಾಲೇಜಿನ ಮೈದಾನದಲ್ಲಿ ಸೇರಿತ್ತು. ಕುರಿಗಳನ್ನು ಎಬ್ಬಿಸಿ ಕಳಿಸಿದೆವು. ಸರಪಳಿ ಬಿಗಿದು ಟ್ಯಾಂಕನ್ನು ಒಂದು ಮೊಳ ಎತ್ತಿ, ನಾಲ್ಕು ಮೂಲೆಗೆ ಕಟ್ಟಿದ ಹಗ್ಗ ಹಿಡಿದು ನಿಧಾನವಾಗಿ ತಿರುಗಿಸತೊಡಗಿದರು.

ಕೊಳವೆ ಗಿರಣಿಯ ಕಡೆ ಬಂತು. "ಇಲ್ಲಿ ಬ್ಯಾಡಿ!" ಎಂದು ಗಂಗಣ್ಣ ಕೂಗಿದ. ಮುಂದಕ್ಕೆ ಹೋಯಿತು. "ಇಲ್ಲ್ ನಿಲ್ಲುಸ್ಬ್ಯಾಡ್ರಪ್ಪೋ" ಎಂದು ಆಸ್ಪತ್ರೆಯ ಆಯಾ. ಪ್ರಾಂಶುಪಾಲರು ಬಾಯಿ ಬಿಡಲಿಲ್ಲ, ಎರಡೂ ಕೈ ಅಲ್ಲಾಡಿಸಿದರು. ಕೊಳವೆ ಯಾರ ಕಡೆ ಬಂದರೂ ಅಲ್ಲಿ ನಿಂತವರು ಹೌಹಾರಿ ಪಕ್ಕಕ್ಕೆ ಸರಿಯುತ್ತಿದ್ದರು. ಗುಂಡಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಬಗ್ಗುತ್ತಿದ್ದರು. ನಾನೂ ಒಮ್ಮೆ ಬಗ್ಗಿದೆ. ಕ್ರೇನಿನ ಮೇಲಿಂದ ಸಾಹೇಬರು, "ಜಲ್ದಿ ಹೇಳಿ ಸಾಬ್! ಇದನ್ನ ತೊಟ್ಟಿಲಲ್ಲಿಟ್ಕೊಂಡು ಎಷ್ಟೊತ್ತು ತೂಗ್ಲಿ?" ಎಂದು ಗದರಿದರು. ಆಗ ಕೊಳವೆ ನೈಋತ್ಯಕ್ಕೆ ಬಂತು. ಎಲ್ಲರೂ ಸುಮ್ಮನಿದ್ದರು. "ಅಲ್ಲೇ! ಅಲ್ಲೇ ಇಳಿಸಿ!" ಎಂದು ಕಿರುಚಿದೆ. ಟ್ಯಾಂಕು ಧೊಪ್ಪನೆ ಕೂತಿತು. ಜನ ಚಪ್ಪಾಳೆ ತಟ್ಟಿದರು.

ಧೂಳು ಇಳಿದ ಮೇಲೆ ಕೊಳವೆಯ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ಗುರಿ ನೋಡಿದೆ. ಮೈದಾನದ ಆಚೆ, ಕಾಂಪೌಂಡು ಬಿದ್ದಿರುವ ಸಂದಿಯಲ್ಲಿ ಒಂದು ಹಸಿರು ಬಾಗಿಲು. ಬಾಗಿಲ ಮುಂದಿನ ಹಗ್ಗದಲ್ಲಿ ಎರಡು ಬನಿಯನ್ನು ಒಣಗುತ್ತಿದ್ದವು. ಬನಿಯನ್ನುಗಳು ನನ್ನವು. ಆ ದಿಕ್ಕಿನಿಂದ ಯಾಕೆ ಯಾರೂ ಬೇಡ ಅನ್ನಲಿಲ್ಲ ಎಂಬುದು ಆಗ ಅರ್ಥವಾಯಿತು. ಬೇಡ ಅನ್ನಬೇಕಾಗಿದ್ದ ಮನುಷ್ಯ ಇಲ್ಲಿ ನಿಂತು 'ಇಳಿಸಿ' ಎನ್ನುತ್ತಿದ್ದ. ಮತ್ತೆ ಎತ್ತಿಸೋಣವೆಂದು ಬಾಯಿ ತೆರೆದವನು, ರಸ್ತೆಯ ಆಚೆ ಮಹಡಿಯ ಮೇಲೆ ನಿಂತಿದ್ದ ಸುಧಾಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಮುಂದಿನ ಭಾನುವಾರ ಸೋದರಮಾವ ಒಳಗೆ ಕಾಲಿಟ್ಟರು, ಉಪ್ಪಿಟ್ಟೂ ತಿಂದರು, ಮದುವೆಯೂ ನಿಶ್ಚಯವಾಯಿತು. ಲಗ್ನಪತ್ರಿಕೆ ಕೊಡಲು ಅವರೂ ಪುಟ್ಟರಂಗಪ್ಪನೂ ನಮ್ಮ ಮನೆಗೇ ಬಂದರು. ಬಂದವರು ಗೇಟಿನಲ್ಲಿ ಹಿಂದಿರುಗಿ ನೋಡಿದರು. "ಮೇಷ್ಟ್ರೇ, ನೀವೇ ಒಸಿ ಈಚೆಗ್ ಬನ್ನಿ" ಎಂದು ಪುಟ್ಟರಂಗಪ್ಪ ಅಲ್ಲಿಂದಲೇ ಕರೆದ. ಊರಿಗೆ ಉಪಕಾರ ಮಾಡಿದ ನಾನು ಬೀದಿಯಲ್ಲಿ ನಿಂತು ಎಲೆಯಡಿಕೆ ತೆಗೆದುಕೊಂಡೆ. ಇರಲಿ, ಮದುವೆ ಚೆನ್ನಾಗಿ ನಡೆಯಿತು, ಹೋಳಿಗೆಯನ್ನು ನನ್ನ ಎಲೆಗೆ ಎರಡು ಸಲ ಬಡಿಸಿದರು. ಈಚೆಗೆ ನಮ್ಮ ಮನೆಗೆ ನೆಂಟರು ಕಡಿಮೆಯಾಗಿದ್ದಾರೆ. ಭಾನುವಾರ ಪೇಪರನ್ನು ಕೊನೆಯ ಪುಟದ ತನಕ ಓದುತ್ತೇನೆ, ಒಟ್ಟಿನಲ್ಲಿ ಸುಖವಾಗಿದ್ದೇನೆ.

ಇಂಥದ್ದರಲ್ಲೆಲ್ಲ ನನಗೆ ನಂಬಿಕೆಯಿಲ್ಲವೆಂದು ಸ್ಟಾಫ್ ರೂಮಿನಲ್ಲಿ ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ಸರೋಜಳೂ ನಂಬುವುದಿಲ್ಲ. ಸಂಜೆ ಅವಳು ತಲೆಬಾಗಿಲಲ್ಲೇ, ಫಿರಂಗಿಗೆ ಎದುರಾಗಿ ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾಳೆ. ನಾನು ಕಾಲೇಜಿನಿಂದ ಬಂದವನು, ಯಾವ ಕಾರಣವೂ ಇಲ್ಲದೆ, ಮನೆಯನ್ನು ಒಂದು ಸುತ್ತು ಬಳಸಿ, ನುಗ್ಗೆಮರದ ಕೆಳಗೆ ತಲೆ ತಗ್ಗಿಸಿ, ಹಿತ್ತಿಲ ಬಾಗಿಲನ್ನು ಸದ್ದಾಗದಂತೆ ನೂಕುತ್ತೇನೆ. ಎಷ್ಟು ಎಣ್ಣೆ ಬಿಟ್ಟರೂ ಆ ಬಾಗಿಲು ಕಿರ್ರೆನ್ನುತ್ತದೆ. ಅವಳು ಕೂತಲ್ಲಿಂದ ತಿರುಗಿಯೂ ನೋಡದೆ ಕೇಳುತ್ತಾಳೆ: "ಬಂದ್ರಾ, ಧೈರ್ಯವಂತ್ರು?"