ಏಳು ದಿನದ ನೀರು

ಡಾಕ್ಟರು ಸಿಮೆಂಟು ಅನ್ನಬಾರದಿತ್ತು. ಮದ್ದು ಅಂದಿದ್ದರೆ, ಅಂಟು ಅಂದಿದ್ದರೆ, ಗಾರೆ ಮೇಸ್ತ್ರಿ ಕೈಕಟ್ಟಿ ಕೇಳಿಸಿಕೊಂಡು ತೆಪ್ಪಗೆ ಮನೆಗೆ ಹೋಗುತ್ತಿದ್ದ. ಸಿಮೆಂಟಿನ ವಿಷಯದಲ್ಲಿ ಮಾತ್ರ ಅವನಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ನಲವತ್ತು ವರ್ಷ ಅದನ್ನೇ ಕಲಸಿದವನು.

ಅವನ ಹೆಂಡತಿ ಆರು ವಾರದ ಹಿಂದೆ ತುಂಬಿದ ಬಕೆಟ್ ಎತ್ತಲು ಬಗ್ಗಿದವಳು ಮತ್ತೆ ನೆಟ್ಟಗೆ ನಿಂತಿರಲಿಲ್ಲ. ಮೂಳೆ ಸವೆದು ಟೊಳ್ಳಾಗಿ, ಬೆನ್ನಿನ ಒಂದು ಮಣಿ ಕುಸಿದುಹೋಗಿತ್ತು. ಮಾತ್ರೆ, ಸೊಂಟದ ಬೆಲ್ಟು, ಯಾವುದಕ್ಕೂ ನೋವು ಜಗ್ಗಲಿಲ್ಲ. ಕೊನೆಗೆ ನಿನ್ನೆ ಆಸ್ಪತ್ರೆಯಲ್ಲಿ ಬೋರಲು ಮಲಗಿಸಿ, ಕೊಯ್ಯದೆ ಹೊಲಿಯದೆ, ದಪ್ಪ ಸೂಜಿಯಲ್ಲೇ ಮಣಿಯೊಳಗೆ ಸಿಮೆಂಟು ತುಂಬಿದರು. ಅದು ಹತ್ತು ನಿಮಿಷಕ್ಕೆ ಗಟ್ಟಿಯಾಗುತ್ತೆ, ಎರಡು ಗಂಟೆ ಬಿಟ್ಟು ನಡೆಸಿ, ಚುಚ್ಚಿದ ಜಾಗ ಮಾತ್ರ ಒದ್ದೆ ಮಾಡಬೇಡಿ ಎಂದರು ಡಾಕ್ಟರು. ನಿಮಗೂ ಅರವತ್ತೈದಾಯ್ತು, ಬೀಡಿ ಬೇರೆ ಸೇದ್ತೀರ, ನಿಮ್ಮ ಮೂಳೇನೂ ಒಮ್ಮೆ ತೋರಿಸಿ ಎಂದರು. ತನ್ನದು ಹಳೇ ಕಾಲದ ಕಟ್ಟಡ ಎಂದು ಮೇಸ್ತ್ರಿ ನಕ್ಕುಬಿಟ್ಟ.

ಇವತ್ತು ಬೆಳಿಗ್ಗೆ ಅವಳು ತನ್ನ ಕಾಲಲ್ಲೇ ನಡೆದು ಮನೆಯೊಳಗೆ ಬಂದಳು. ನೋಡಿ ಅವನಿಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಅವಳು ಹಲ್ಲುಕಚ್ಚಿ ನರಳಿದ್ದನ್ನು ಇನ್ನೊಂದು ಸಲ ನೋಡುವ ಶಕ್ತಿ ಅವನಿಗಿರಲಿಲ್ಲ.

"ಮಲಕ್ಕೋ," ಅಂದ. "ಹಸಿ ಸಿಮೆಂಟು. ಏಳು ದಿನ ನೀರು ಕುಡೀದೆ ಭಾರ ಬಿದ್ರೆ ಬಿರುಕು ಬಿಡುತ್ತೆ."

"ಹತ್ತೇ ನಿಮಿಷ ಅಂದ್ರಲ್ಲ ಡಾಕ್ಟ್ರು."

"ಡಾಕ್ಟ್ರು ಎಷ್ಟು ತಾರಸಿ ಹಾಕಿದ್ದಾರೆ?"

ಅವಳು ಗೊಣಗುತ್ತಾ ಹೋಗಿ ಮಲಗಿದಳು. ಅವನು ತಾರಸಿಗೆ ಆಸರೆ ಕೊಡುವ ಹಲಗೆಯೊಂದನ್ನು ತಂದು ಹಾಸಿಗೆಯ ಕೆಳಗೆ ತೂರಿಸಿದ. ಹೊಸ ತಾರಸಿಗೆ ಹಾಕುವ ಹಾಗೆ ಬೆನ್ನಿನ ಮೇಲೆ ಒದ್ದೆ ಗೋಣಿತಾಟು ಹಾಕುವ ಆಸೆಯಿತ್ತು. ಒದ್ದೆ ಮಾಡಬೇಡಿ ಅಂದಿದ್ದಾರಲ್ಲ, ಹೊರಗಿಂದ ಬೇಡವಾದರೆ ಒಳಗಿಂದ ಆಗಲಿ ಎಂದು ಗಂಟೆಗೊಂದು ಚೊಂಬು ನೀರು ಕುಡಿಸತೊಡಗಿದ.

ಸುದ್ದಿ ಕೇಳಿ ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಬಂದು ಕುರ್ಚಿ ಎಳೆದುಕೊಂಡರು. ಆಸ್ಪತ್ರೆಯವರಿಗೆ ಮಂಚ ಖಾಲಿಯಾದರೆ ಸಾಕು, ಅದಕ್ಕೇ ನಡೀರಿ ನಡೀರಿ ಅಂತಾರೆ ಎಂದು ಮೇಸ್ತ್ರಿಯ ಪಕ್ಷ ಹಿಡಿದರು. ಎದುರು ಮನೆಯ ಟೈಲರಮ್ಮ ಮಾತ್ರ ಡಾಕ್ಟರ ಕಡೆ. ಬಟ್ಟೆ ಹೊಲಿಯೋರಿಗೆ ಕಟ್ಟಡದ ಉಸಾಬರಿ ಯಾಕೆ ಅಂದ ಮೇಸ್ತ್ರಿ. ಅವಳು ಮೂತಿ ತಿರುವಿದಳು, ಆದರೆ ಎದ್ದು ಹೋಗಲಿಲ್ಲ.

ಅವನ ತಲೆಯಲ್ಲಿ ಇನ್ನೊಂದು ಹುಳವೂ ಕೊರೆಯುತ್ತಿತ್ತು. ನಾಡಿದ್ದು ಶಾಲೆಯ ತಾರಸಿ ಹಾಕುವುದಿತ್ತು. ಅಷ್ಟು ದೊಡ್ಡದನ್ನು ಅವನು ಜೀವಮಾನದಲ್ಲಿ ಹಾಕಿರಲಿಲ್ಲ, ಇನ್ನು ಹಾಕುವ ವಯಸ್ಸೂ ಅಲ್ಲ. ತಾನು ನಿಲ್ಲದಿದ್ದರೆ ಕೆಲಸ ಬಾಮೈದನ ಪಾಲು. ಇವನ ಕೈಕೆಳಗೇ ಕಲಿತು ಈಗ ತಾನೂ ಮೇಸ್ತ್ರಿ ಎನ್ನುವವನು. ಅವನಿಗೆ ಗಾರೆ ಬಳಿಯುವ ಕರಣೆ ಕೊಡುವುದೂ ಒಂದೇ, ಮಂಗನ ಕೈಗೆ ಮಾಣಿಕ್ಯ ಕೊಡುವುದೂ ಒಂದೇ. ನಾಡಿದ್ದು ಕಾಂಪೌಂಡರು ನೀರು ಕುಡಿಸುವುದೆಂದು ಮಾತಾಯಿತು. ಅವರು ಗಡಿಯಾರ ನೋಡಿಕೊಂಡು ಅಂದೇ ಅಭ್ಯಾಸ ಶುರುಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಆರು ಚೊಂಬು ಇಳಿದಿತ್ತು. ಅಡುಗೆಮನೆಯಿಂದ ಮಂಚದವರೆಗೆ ಅವಸರದಲ್ಲಿ ತುಳುಕಿದ ನೀರು ಸಾಲುಗಟ್ಟಿತ್ತು. ಕುಡಿದದ್ದು ಹೊಟ್ಟೆಯಲ್ಲೇ ಇರುತ್ತದೆಯೇ? ಬಚ್ಚಲಿಗೆ ಹೋಗಬೇಕು ಎಂದಳು ಹೆಂಡತಿ. ಏಳಕೂಡದು ಎಂದು ಅವನು ಆಸ್ಪತ್ರೆಯಿಂದ ತಂದಿದ್ದ ಮಲಪಾತ್ರೆ ತೋರಿಸಿದ. ಕಾಂಪೌಂಡರು ಎದುರಿಗೇ ಕೂತಿದ್ದರು. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ನಾಲ್ಕು ಗಂಟೆಗೆ ಮೇಸ್ತ್ರಿ ಬೀಡಿ ತರಲು ಬೀದಿ ಕೊನೆಗೆ ಹೋದ. ಕಾಂಪೌಂಡರಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ವಾಪಸು ಬಂದು ನೋಡಿದರೆ ಮಂಚ ಖಾಲಿ. ಒಳಗೆ ಬಚ್ಚಲ ಬಾಗಿಲ ಸದ್ದು. ಮುಗೀತು, ಬಿರುಕು ಬಿಟ್ಟಿತು ಎಂದುಕೊಂಡ. ಅವಳನ್ನು ಹಿಡಿದುಕೊಳ್ಳಲು ಓಡಿದ. ತಾನೇ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟ. ಕೂತ ಭಂಗಿಯಲ್ಲೇ ದೊಪ್ಪನೆ ಬಿದ್ದ.

ಬೆನ್ನಲ್ಲಿ ಲಟಕ್ಕೆಂದದ್ದು ಕಾಂಪೌಂಡರಿಗೂ ಕೇಳಿ ಎಚ್ಚರವಾಯಿತು. ಹೆಂಡತಿ ಬಚ್ಚಲಿಂದ ನೆಟ್ಟಗೆ ನಡೆದು ಬಂದಳು. ನೆರೆಯವರು ಅವಳ ಹಾಸಿಗೆ ಕೆಳಗಿನ ಹಲಗೆ ಎಳೆದು, ಅದರ ಮೇಲೇ ಅವನನ್ನು ಆಸ್ಪತ್ರೆಗೆ ಹೊತ್ತರು.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಹಳೇ ಕಾಲದ ಕಟ್ಟಡವೂ ಒಳಗೆ ಟೊಳ್ಳೇ. ಮಣಿಯೊಂದು ಕೆಟ್ಟದಾಗಿ ಕುಸಿದಿತ್ತು. ಆದರೆ ಹೆದರಬೇಕಾಗಿಲ್ಲ, ನಾಳೆ ಬೆಳಿಗ್ಗೆಯೇ ಸಿಮೆಂಟು ತುಂಬೋಣ, ಮಧ್ಯಾಹ್ನ ನಡೀತೀರ ಎಂದರು.

ನೋವಿನಲ್ಲೂ ಮೇಸ್ತ್ರಿಯ ಮುಖ ಅರಳಿತು. "ಹಂಗಾದ್ರೆ ನಾಡಿದ್ದು ತಾರಸಿ ಹತ್ರ ನಿಲ್ಲಬಹುದಾ, ಡಾಕ್ಟ್ರೇ?"

"ಭಾರ ಎತ್ತಬೇಡಿ. ಕುರ್ಚಿ ಹಾಕ್ಕೊಂಡು ಕೂತು ಕೆಲಸ ನೋಡ್ಕೊಳ್ಳಿ."

"ಆಗಲ್ಲ," ಅಂದಳು ಹೆಂಡತಿ. "ಏಳು ದಿನ ಮಲಗಬೇಕು."

"ಲೇ, ಡಾಕ್ಟ್ರೇ ಹೇಳ್ತಿದ್ದಾರಲ್ಲೇ."

"ರೀ, ಡಾಕ್ಟ್ರು ಎಷ್ಟು ತಾರಸಿ ಹಾಕಿದ್ದಾರೆ?"

ಟೈಲರಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಹೆಂಡತಿ ಫೋನು ತೆಗೆದು, ನಾಡಿದ್ದು ಬೇಗ ಬಂದು ಭಾವನ ಕರಣೆ ತಗೊಂಡು ಹೋಗು ಎಂದು ತಮ್ಮನಿಗೆ ಹೇಳಿದಳು. ಕಾಂಪೌಂಡರು ಗಡಿಯಾರ ನೋಡಿಕೊಂಡು, ಇಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ನರ್ಸನ್ನು ವಿಚಾರಿಸುತ್ತಿದ್ದರು.