ರಿಯಾಯಿತಿಯಲ್ಲಿ ಬಂದ ಸಾವು

ಕಿರ್ಚೊನ ಹೆಂಡತಿಗೆ ಗಂಡನ ಫೋನ್ ತಡಕಾಡುವ ಚಟ ಇಲ್ಲದೇ ಹೋಗಿದ್ದರೆ ಮೆತೋದಿ ಸಾಯುವ ಪ್ರಮೇಯವೇ ಬರುತ್ತಿರಲಿಲ್ಲ.

ವಿದಿನ್ ಪಟ್ಟಣದ ಆ ಹಳೇ ಕಟ್ಟಡದಲ್ಲಿ ಮೆತೋದಿಯದು ನಾಲ್ಕನೇ ಮಹಡಿ, ಗೆಳೆಯ ಕಿರ್ಚೊನದು ಐದನೆಯದು. ಹೋದ ವಾರ ಕಿರ್ಚೊ ಅವನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿ ಪಿಸುಗುಟ್ಟಿದ.

"ಸಾವಿನ ಚೀಟಿಗೆ ಆನ್‌ಲೈನಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕಣೋ. ಕಪ್ಪು ಅಂಚು, ಫೋಟೊ ಸಮೇತ ಐವತ್ತು ಪ್ರತಿ. ನಾನು ತರಿಸಿದ್ರೆ ಹೆಂಡ್ತಿಗೆ ಗೊತ್ತಾಗತ್ತೆ. ನಿನ್ನ ಫೋನಲ್ಲಿ ತರಿಸ್ಕೊಡು ಮಾರಾಯ."

"ಅಯ್ಯೋ, ಯಾರು ಹೋದ್ರು?"

"ಇನ್ನೂ ಯಾರೂ ಹೋಗಿಲ್ಲ. ಅತ್ತೆಗೆ ಎಂಬತ್ತಾರಾಯ್ತಲ್ಲ. ಆಮೇಲೆ ಬಾಗಿಲು ಬಾಗಿಲಿಗೆ ಅಂಟಿಸೋಕೆ ಯಾವನು ಪೂರ್ತಿ ದುಡ್ಡು ಕೊಡ್ತಾನೆ?"

ಆಗಲ್ಲ ಹೋಗೋ ಅನ್ನಬೇಕಿತ್ತು. ಆದರೆ 'ಆಗಲ್ಲ' ಎಂಬ ಮಾತು ಮೆತೋದಿಯ ಬಾಯಲ್ಲಿ ಹುಟ್ಟಿದಾರಭ್ಯ ಬಂದದ್ದಿಲ್ಲ. ಕಿರ್ಚೊನ ಅತ್ತೆ ಸ್ತಾಮೆನಾ ಅಜ್ಜಿಯ ಹೆಸರು, ಫೋಟೊ ಎಲ್ಲ ತುಂಬಿದ. ಕೊನೆಯಲ್ಲಿ 'ನಿಮ್ಮ ಹಳೆಯ ವಿವರಗಳನ್ನೇ ಬಳಸಬೇಕೇ?' ಎಂದು ಕೇಳಿತು. ವಿಳಾಸ ಬರೆಯುವ ಕಷ್ಟ ತಪ್ಪಿತಲ್ಲ ಎಂದು ಒತ್ತಿದ. ಅಜ್ಜಿಯ ಜಾಗಕ್ಕೆ ತಾನು ಬಂದು ಕೂತದ್ದನ್ನು ನೋಡಲೇ ಇಲ್ಲ. ಅಂಟಿಸುವ ಸೇವೆ ಉಚಿತ ಎಂಬುದನ್ನೂ ಓದಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೇ, ಫೋನನ್ನು ಮನೆಯಲ್ಲೇ ಮರೆತು, ಅವನು ಊರಿನ ನೀರಿನ ಮೀಟರ್ ಓದುವ ಕೆಲಸಕ್ಕೆ ಹೊರಟ. ಕಾಲು ನೆಲದ ಮೇಲಿರಲಿಲ್ಲ. ಎರಡು ವರ್ಷದಿಂದ ಅವನು ಮದುವೆಯಾಗಿ ಎಂದು ಕೇಳುತ್ತಲೇ ಇದ್ದ ಔಷಧಿ ಅಂಗಡಿಯ ರಾಯ್ನಾ, ಇಂದು ಸಂಜೆ ಐದಕ್ಕೆ ಮನೆಗೇ ಬಂದು ಉತ್ತರ ಹೇಳುತ್ತೇನೆ ಎಂದಿದ್ದಳು. ನಲವತ್ತೊಂಬತ್ತರ ಬ್ರಹ್ಮಚಾರಿಗೆ ಇದು ಕೊನೆಯ ಬಸ್ಸು. ಸಂಜೆ ಹೂವಿನಂಗಡಿಗೆ ಓಡಿದ.

"ಬದುಕಿರೋರಿಗೋ, ಸತ್ತೋರಿಗೋ?" ಹೂವಿನವಳು ಕೇಳಿದಳು.

"ಬಿಡ್ತು ಅನ್ನಮ್ಮ! ಬದುಕಿರೋರಿಗೆ."

"ಹಾಗಾದ್ರೆ ಏಳು ತಗೊಳ್ಳಿ. ಆರಾದ್ರೆ ಗೋರಿಗೆ ಇಡೋ ಲೆಕ್ಕ."

ಏಳು ಗುಲಾಬಿ ಹಿಡಿದು ಕಟ್ಟಡದ ಬಾಗಿಲಿಗೆ ಬಂದವನು ಹಾಗೇ ನಿಂತ. ಕಪ್ಪು ಅಂಚಿನೊಳಗಿಂದ ಅವನದೇ ಮೀಸೆ ಅವನನ್ನು ನೋಡುತ್ತಿತ್ತು. 'ಅಗಲಿದರು ಮೆತೋದಿ. ಚಿನ್ನದಂಥ ಮನುಷ್ಯ. ಇಂಥವರು ಮತ್ತೆ ಹುಟ್ಟುವುದಿಲ್ಲ.'

ಒಳಗೆ ಮೆಟ್ಟಿಲ ಬಳಿ ಜನ. ಕಟ್ಟಡದ ಉಸ್ತುವಾರಿ ಹರಾಲಂಪಿಯ ದನಿ ಎಲ್ಲರಿಗಿಂತ ಮೇಲಿತ್ತು; ಬಾರದ ಆಂಬುಲೆನ್ಸಿಗೂ ಅವನೇ ಸಾಕ್ಷಿ. "ಆಂಬುಲೆನ್ಸ್ ಬಂದಿದ್ದು ನಾನೇ ಕಣ್ಣಾರೆ ನೋಡಿದೆ! ಬೆಳಿಗ್ಗೆಯಿಂದ ಫೋನ್ ಒಳಗೆ ಬಡ್ಕೊಳ್ತಿದೆ, ಎತ್ತೋರಿಲ್ಲ. ಪಾಪ! ಅಂದಹಾಗೆ, ಅವನು ಸೈಕಲ್ ನಿಲ್ಲಿಸ್ತಿದ್ದ ಜಾಗ ಇನ್ನು ನನಗೆ."

ಒಳನುಗ್ಗಬೇಕೆನ್ನುವಷ್ಟರಲ್ಲಿ ರಾಯ್ನಾಳ ಅಳು ಕೇಳಿಸಿತು. ಅವಳ ಕೈಯಲ್ಲಿ ಸತ್ತವರ ಹೆಸರಲ್ಲಿ ಹಂಚುವ ಸಕ್ಕರೆ ಹಾಕಿದ ಬೇಯಿಸಿದ ಗೋಧಿ ಇತ್ತು.

"ಇವತ್ತು ಹೂಂ ಅನ್ನೋಣ ಅಂತಿದ್ದೆ. ಎರಡು ವರ್ಷ ಸತಾಯಿಸಿಬಿಟ್ಟೆ. ನನ್ನ ಹಣೆಬರಹ ನೋಡಿ!"

"ರಾಯ್ನಾ! ನಾನಿದೀನಿ!" ಮೆತೋದಿ ಬಾಗಿಲ ಹಿಂದಿನಿಂದ ಹಾರಿ ಬಂದ.

ಹರಾಲಂಪಿ ಕಿಟಾರನೆ ಕಿರುಚಿದ. ಸ್ತಾಮೆನಾ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು, ಆಮೇಲೆ ಅವನನ್ನು ಅಪ್ಪಿಕೊಂಡು ಗೊಳೋ ಎಂದಳು. ತಾಯಿ ತೀರಿದ ಮೇಲೆ ಹತ್ತು ವರ್ಷ ಅವನಿಗೆ ಭಾನುವಾರದ ಊಟ ಹಾಕಿದ ಕೈ ಅದು. ಅವಳ ಎದೆ ಈಗ ಸೂಕ್ಷ್ಮ, ಯಾವ ಆಘಾತವೂ ಆಗಕೂಡದು ಎಂದು ಡಾಕ್ಟರು ಹೇಳಿದ್ದರು.

"ಇದ್ಯಾವನ ಕಿತಾಪತಿ, ಈಗಲೇ ಪತ್ತೆ ಮಾಡ್ತೀನಿ," ಎಂದು ಹರಾಲಂಪಿ ಚೀಟಿಯ ಕೆಳಗಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದ.

"ತರಿಸಿದವರು ಮೆತೋದಿ," ಆ ಕಡೆಯ ಹುಡುಗಿ ಓದಿದಳು. "ತೀರಿಕೊಂಡವರು ಮೆತೋದಿ. ಫೋಟೊ ಕೊಟ್ಟವರು ಮೆತೋದಿ. 'ಚಿನ್ನದಂಥ ಮನುಷ್ಯ' ಅನ್ನೋ ಸಾಲು ಆರಿಸಿದವರೂ ಅವರೇ. ನಮ್ಮ ಸಂತಾಪಗಳು, ಸರ್."

ರಾಯ್ನಾಳ ಕಣ್ಣೀರು ಅಲ್ಲೇ ಇಂಗಿತು. "ಓಹೋ! ನಾನು ಅಳ್ತೀನೋ ಇಲ್ವೋ ಅಂತ ಬಾಗಿಲ ಹಿಂದೆ ನಿಂತು ಪರೀಕ್ಷೆ ಮಾಡ್ತಿದ್ರಾ?"

"ಅಯ್ಯೋ, ದೇವರಾಣೆ! ಅದು ನನಗಲ್ಲ, ಬೇರೆಯವರಿಗೆ ಅಂತ…"

"ಯಾರಿಗೆ?"

ಅಜ್ಜಿ ಅವನ ತೋಳು ಬಿಟ್ಟಿರಲಿಲ್ಲ. ಅವಳ ಬೆನ್ನ ಹಿಂದೆ ಕಿರ್ಚೊ ಎರಡೂ ಕೈ ಮುಗಿದು ನಿಂತಿದ್ದ.

"ಯಾರಿಗೆ ಮಗಾ? ಹೇಳಿಬಿಡು," ಎಂದಳು ಅಜ್ಜಿ, ಅವನ ಮುಖವನ್ನೇ ನೋಡುತ್ತ.

ಮೆತೋದಿಯ ನಾಲಿಗೆಯ ತುದಿಯಲ್ಲಿ ಅವನ ಇಡೀ ಬಾಳಿತ್ತು. ಅದನ್ನು ನುಂಗಿಕೊಂಡ.

"ಯಾರಿಗೂ ಅಲ್ಲ ಅಜ್ಜಿ. ನನಗೇ."

ರಾಯ್ನಾ ಗೋಧಿಯ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟಳು. ಅವನ ಕೈಯಿಂದ ಹೂವಿನ ಕಟ್ಟು ತೆಗೆದುಕೊಂಡು, ಒಂದು ಗುಲಾಬಿ ಎಳೆದು ಬಿಸಾಡಿ, ಉಳಿದ ಆರನ್ನು ಅವನ ಕೈಗೇ ಕೊಟ್ಟು ಹೊರಟುಹೋದಳು.

ಜನ ಕರಗಿದರು. ಅಜ್ಜಿ ಒಂದು ಚಮಚ ಗೋಧಿ ಅವನ ಬಾಯಿಗಿಟ್ಟಳು. "ತಿನ್ನು ಮಗಾ. ಬದುಕಿರುವಾಗಲೇ ಯಾರಾದ್ರೂ ಇಂಥ ಅಪಶಕುನದ್ದು ತರಿಸ್ತಾರಾ? ನಮ್ಮ ಕಿರ್ಚೊನ್ನ ನೋಡಿ ಕಲಿ. ಅತ್ತೆ ನೂರು ವರ್ಷ ಇರ್ಬೇಕು ಅಂತಾನೆ. ಬಂಗಾರದ ಅಳಿಯ!"

ಬಂಗಾರದ ಅಳಿಯ ಮೆತೋದಿಯ ಕಿವಿಗೆ ಬಾಗಿದ.

"ರಿಯಾಯಿತಿ ನಾಳೆಗೆ ಮುಗಿಯುತ್ತಂತೆ ಕಣೋ. ಈ ಸಲ ಹೆಸರು ನೋಡ್ಕೊಂಡು ಹಾಕು."