ಎರಡನೇ ತಟ್ಟೆ

ಮೆಲೆನ್ಸಿಯೊನ ಮಾನ ಆ ಸೋಮವಾರ ಬೀದಿಗೆ ಬಂದದ್ದು ಒಂದು ತಟ್ಟೆಯಿಂದ. ತಟ್ಟೆಯನ್ನು ಹಾಗೇ ಕೊಳಕಾಗಿ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಪಾಪ, ಅದನ್ನು ಚೆನ್ನಾಗಿ ಉಜ್ಜಿ ತೊಳೆದು, ನೀರು ಇಳಿಯಲೆಂದು ಕಿಟಕಿಯಾಚೆಯ ಬಂಗ್ಗೆರಾದಲ್ಲಿ ಒರಗಿಸಿಟ್ಟ.

ಬತಾಂಗಸ್ ಊರಿನ ಆ ಹಳೇ ಗಲ್ಲಿಯಲ್ಲಿ ಪ್ರತಿ ಮನೆಯ ಅಡುಗೆಕೋಣೆಯ ಕಿಟಕಿಗೂ ಹೊರಗೆ ಚಾಚಿಕೊಂಡ ಬಿದಿರಿನ ಗೂಡೊಂದಿತ್ತು. ಅದೇ ಬಂಗ್ಗೆರಾ. ತೊಳೆದ ಪಾತ್ರೆ ಅಲ್ಲಿ ಗಾಳಿಗೆ ಬಿಸಿಲಿಗೆ ತಾನಾಗಿ ಒಣಗಬೇಕು. ಬಟ್ಟೆಯಿಂದ ಒರೆಸುವವರನ್ನು ಗಲ್ಲಿಯ ಹೆಂಗಸರು ಕಾಲೊರಸಿನಲ್ಲಿ ಮುಖ ಒರೆಸಿಕೊಂಡವರನ್ನು ನೋಡಿದ ಹಾಗೆ ನೋಡುತ್ತಿದ್ದರು. ಗಲ್ಲಿ ಎಷ್ಟು ಕಿರಿದೆಂದರೆ ಈ ಮನೆಯ ಲೋಟಕ್ಕೂ ಎದುರು ಮನೆಯ ಲೋಟಕ್ಕೂ ಒಂದು ಬೆಕ್ಕಿನ ನೆಗೆತದಷ್ಟೇ ದೂರ. ಯಾರ ಮನೆಯಲ್ಲಿ ಎಷ್ಟು ಜನ ಉಂಡರು, ಯಾರ ಮನೆಗೆ ನೆಂಟರು ಬಂದರು, ಯಾರು ಮುನಿಸಿಕೊಂಡು ಉಪವಾಸ ಮಲಗಿದರು, ಎಲ್ಲವನ್ನೂ ಎದುರು ಮನೆಯ ಗೊರಿಂಗ್ ಪಾತ್ರೆ ಎಣಿಸಿಯೇ ಹೇಳಿಬಿಡುತ್ತಿದ್ದಳು. ಅವಳಿಗೆ ಬೇರೆ ಪೇಪರು ಬೇಕಿರಲಿಲ್ಲ.

ಆ ದಿನ ಮೆಲೆನ್ಸಿಯೊನ ಹೆಂಡತಿ ಪೂರಿಂಗ್ ಊರಲ್ಲಿರಲಿಲ್ಲ. ತಂಗಿಯ ಮೊಮ್ಮಗುವನ್ನು ನೋಡಿ ಬರಲು ಬೆಳಗಿನ ಮೊದಲ ಬಸ್ಸಿಗೆ ಲಿಪಾಗೆ ಹೋಗಿದ್ದಳು. ಸಂಜೆಗೆ ವಾಪಸ್ಸು. ಮೆಲೆನ್ಸಿಯೊ ಟ್ರೈಸಿಕಲ್, ಅಂದರೆ ಪಕ್ಕಕ್ಕೆ ಸೀಟು ಕಟ್ಟಿದ ಬಾಡಿಗೆ ಮೋಟಾರ್‌ಬೈಕು, ಓಡಿಸುವವನು. ಗಾಡಿಯ ಗೇರು ಕೈಕೊಟ್ಟು ಅದು ಗ್ಯಾರೇಜಿನಲ್ಲಿತ್ತು, ಇವನು ಮನೆಯಲ್ಲಿದ್ದ.

ಮಧ್ಯಾಹ್ನ ತಾನೇ ಅನ್ನ ಮಾಡಿ, ಒಣಮೀನು ಕರಿದು, ಮೇಜಿನ ಮೇಲೆ ತಟ್ಟೆ ಇಟ್ಟುಕೊಂಡ. ಕೂತು ಕೈ ಚಾಚುವಾಗ ನೋಡುತ್ತಾನೆ, ಎರಡು ತಟ್ಟೆ ಇಟ್ಟಿದ್ದಾನೆ. ಮದುವೆಯಾಗಿ ಮೂವತ್ತೊಂದು ವರ್ಷ ಆ ಮೇಜಿನ ಮೇಲೆ ಎರಡೇ ತಟ್ಟೆ ನೋಡಿದ ಕಣ್ಣು. ಕೈ ತನ್ನ ಪಾಡಿಗೆ ಎರಡು ಇಟ್ಟುಬಿಟ್ಟಿತ್ತು. ಅಷ್ಟೇ ಆಗಿದ್ದರೆ ಸರಿ. "ಪೂರಿಂಗ್, ಅನ್ನ ಆರ್ತಾ ಇದೆ, ಬಾರೇ" ಅಂತ ಒಂದು ಸಲ ಕೂಗಿಯೂ ಬಿಟ್ಟಿದ್ದ!

ಮೆಲೆನ್ಸಿಯೊನ ಕಿವಿ ಬಿಸಿಯಾಯಿತು. ಟ್ರೈಸಿಕಲ್ ಸ್ಟ್ಯಾಂಡಿನಲ್ಲಿ ಹೆಂಡತಿಗೆ ಹೆದರುವ ಗಂಡಸರನ್ನು ಆಡಿಕೊಂಡು ನಗುವುದರಲ್ಲಿ ಅವನೇ ಮುಂದು. ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದ. ಖಾಲಿ ತಟ್ಟೆಯ ಮೇಲೆ ಒಂದು ನೊಣ ಮಾತ್ರ ಕೂತಿತ್ತು. ನೊಣ ಕೂತ ತಟ್ಟೆಯನ್ನು ಹಾಗೇ ಎತ್ತಿಟ್ಟರೆ ಪೂರಿಂಗ್ ಸುಮ್ಮನಿರುತ್ತಾಳೆಯೇ? ಉಂಡು ಎದ್ದು ಎರಡನ್ನೂ ತೊಳೆದ. ತೊಳೆಯುವಾಗ ಸೋಪಿನ ಕೈಯಿಂದ ಚಮಚವೊಂದು ಜಾರಿ ಠಣ್ ಎಂದು ನೆಲಕ್ಕೆ ಬಿತ್ತು.

ಎದುರು ಕಿಟಕಿಯಲ್ಲಿ ಗೊರಿಂಗಳ ತಲೆ ಗೂಡಿನಿಂದ ಕೋಳಿ ಇಣುಕಿದ ಹಾಗೆ ಹೊರಬಂತು.

"ಕೂಯಾ ಮೆಲೆನ್, ಏನದು ಬಿದ್ದದ್ದು? ಚಮಚಾನಾ, ಫೋರ್ಕಾ?" ಅಣ್ಣ ಎನ್ನುವುದಕ್ಕೆ ಅಲ್ಲಿ ಕೂಯಾ.

"ಚಮಚ. ಯಾಕೆ?"

"ಅಯ್ಯೋ, ಚಮಚ ಬಿದ್ರೆ ಹೆಂಗಸು ಬರ್ತಾಳೆ! ಫೋರ್ಕ್ ಬಿದ್ರೆ ಗಂಡಸು. ಅಷ್ಟೂ ಗೊತ್ತಿಲ್ವಾ?" ಹಾಗೆನ್ನುತ್ತಲೇ ಅವಳ ಕಣ್ಣು ಬಂಗ್ಗೆರಾದ ಮೇಲೆ ಹರಿದಾಡಿ ಒಂದು ಕಡೆ ನಿಂತಿತು. "ಅಲ್ಲ... ಪೂರಿಂಗ್ ಲಿಪಾಗೆ ಹೋದ್ಲಲ್ವಾ?"

"ಹೌದು."

"ಮತ್ತೆ ಎರಡು ತಟ್ಟೆ ಇದೆ."

ನಿಜ ಹೇಳಬಹುದಿತ್ತು. ಆದರೆ ಗೊರಿಂಗಳಿಗೆ ಹೇಳಿದ್ದು ಅರ್ಧ ಗಂಟೆಯಲ್ಲಿ ಟ್ರೈಸಿಕಲ್ ಸ್ಟ್ಯಾಂಡ್ ಮುಟ್ಟುತ್ತದೆ. 'ಹೆಂಡತಿ ಇಲ್ಲದಾಗ ಖಾಲಿ ತಟ್ಟೆ ಇಟ್ಟುಕೊಂಡು ಊಟಕ್ಕೆ ಕರೀತಾನಂತೆ!' ಅದನ್ನು ನೆನೆದೇ ಮೆಲೆನ್ಸಿಯೊನ ಬಾಯಿಗೆ ಸುಳ್ಳೊಂದು ಬಂತು.

"ಭಾವಮೈದ ಬಂದಿದ್ದ. ದೋಮೆಂಗ್."

"ದೋಮೆಂಗ್ ಸೌದಿಯಲ್ಲಿ ಇದಾನಲ್ಲ!"

"ಅಲ್ಲಿಂದ... ಫೋನ್ ಮಾಡಿದ್ದ."

"ಫೋನ್ ಮಾಡಿದವನಿಗೂ ಊಟ ಹಾಕಿದ್ಯಾ ಕೂಯಾ?" ಎಂದು ಗೊರಿಂಗ್ ಕಿಟಕಿ ಮುಚ್ಚಿಕೊಂಡಳು. ಅವಳು ಹಗಲು ಹೊತ್ತು ಕಿಟಕಿ ಮುಚ್ಚಿದಳೆಂದರೆ ಮನೆ ಬಿಟ್ಟು ಹೊರಟಳೆಂದೇ ಅರ್ಥ.

ಮೆಲೆನ್ಸಿಯೊಗೆ ಗಾಬರಿಯಾಯಿತು. ಎರಡನೇ ತಟ್ಟೆಯನ್ನು ಒಳಗೆ ಎಳೆದುಕೊಂಡ. ಒದ್ದೆ ತಟ್ಟೆ ಎಲ್ಲಿಡುವುದು? ಬೀರುವಿನಲ್ಲಿ ತನ್ನ ಬನಿಯನ್ನುಗಳ ನಡುವೆ ತುರುಕಿದ. ಹತ್ತು ನಿಮಿಷ ಬಿಟ್ಟು ಹೊರಗೆ ನೋಡಿದರೆ ಗಲ್ಲಿಯಲ್ಲಿ ನಾಲ್ಕು ಹೆಂಗಸರು ಕತ್ತೆತ್ತಿ ನಿಂತಿದ್ದಾರೆ, ಹುಣ್ಣಿಮೆಯ ಚಂದ್ರನನ್ನು ನೋಡುವವರಂತೆ.

"ಈಗ ಒಂದೇ ಇದೆ," ಎಂದಳು ಒಬ್ಬಳು.

"ನಾನು ನೋಡಿದಾಗ ಎರಡಿತ್ತು, ದೇವರಾಣೆ," ಎಂದಳು ಗೊರಿಂಗ್. "ಬಚ್ಚಿಟ್ಟಿದಾನೆ. ಏನೂ ಇಲ್ಲದವನು ತಟ್ಟೆ ಯಾಕೆ ಬಚ್ಚಿಡ್ತಾನೆ, ಹೇಳಿ?"

ಮೆಲೆನ್ಸಿಯೊ ಕಿಟಕಿಯಿಂದ ತಲೆ ಹಿಂದಕ್ಕೆಳೆದುಕೊಂಡ. ಮೂಲೆಯ ಅಂಗಡಿಗೆ ಸಿಗರೇಟಿಗೆಂದು ಹೋದರೆ ಅಂಗಡಿಯವಳು ಮುಗುಳ್ನಕ್ಕು "ಒಂದು ಸಾಕಾ, ಎರಡು ಬೇಕಾ?" ಎಂದು ಕೇಳಿದಳು. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಗೊರಿಂಗಳ ಗಂಡ ಹಿಲಾರಿಯೊನ್ ಎದ್ದು ಬಂದು ಕೈ ಕುಲುಕಿದ.

"ಭೇಷ್ ಮೆಲೆನ್! ಈ ವಯಸ್ಸಲ್ಲಿ! ನನಗೆ ಮೆಟ್ಟಿಲು ಹತ್ತಿದ್ರೇ ಏದುಸಿರು ಬರುತ್ತೆ."

"ಥೂ, ನಿನ್ನ! ಯಾರೂ ಬಂದಿಲ್ಲ ಮಾರಾಯ."

"ಸರಿ ಬಿಡು, ಯಾರೂ ಬಂದಿಲ್ಲ," ಎಂದು ಹಿಲಾರಿಯೊನ್ ಕಣ್ಣು ಮಿಟುಕಿಸಿದ. ಆಮೇಲೆ ಹತ್ತಿರ ಸರಿದು ಪಿಸುಗುಟ್ಟಿದ. "ನನ್ನ ಮಾತು ಕೇಳು. ಎರಡು ತಟ್ಟೆ ಇದ್ರೆ ಜನ ಕತೆ ಕಟ್ತಾರೆ. ಹನ್ನೆರಡು ತಟ್ಟೆ ಇದ್ರೆ ಯಾರು ಏನು ಕತೆ ಕಟ್ಟಕ್ಕಾಗುತ್ತೆ? ಮನೇಲಿರೋದನ್ನೆಲ್ಲ ತೊಳೆದು ಇಟ್ಬಿಡು. ಪಾತ್ರೆ ತೊಳೆಯೋ ದಿನ ಇವತ್ತು ಅಂದ್ಕೋತಾರೆ."

ಮುಳುಗುವವನಿಗೆ ಹಿಲಾರಿಯೊನನ ಬುದ್ಧಿಯೂ ದೋಣಿಯಂತೆ ಕಂಡಿತು. ಮೆಲೆನ್ಸಿಯೊ ಮನೆಗೆ ಓಡಿದ. ದಿನಬಳಕೆಯ ತಟ್ಟೆಗಳಿದ್ದದ್ದು ನಾಲ್ಕೇ. ಹನ್ನೆರಡಾಗಬೇಕಾದರೆ ಗಾಜಿನ ಬೀರುವಿಗೇ ಕೈ ಹಾಕಬೇಕು. ಅದರಲ್ಲಿ ಪೂರಿಂಗಳ ಮದುವೆಯ ತಟ್ಟೆಗಳಿದ್ದವು, ಅಂಚಿಗೆ ನೀಲಿ ಹೂಬಳ್ಳಿಯವು. ಪಾದ್ರಿ ಮನೆಗೆ ಬಂದಾಗಲೂ ಅವಳು ತೆಗೆದದ್ದಿಲ್ಲ. ಮೆಲೆನ್ಸಿಯೊ ಎದೆ ಗಟ್ಟಿ ಮಾಡಿಕೊಂಡು ಒಂದೊಂದನ್ನೇ ಹಸುಗೂಸಿಗೆ ಸ್ನಾನ ಮಾಡಿಸುವಂತೆ ತೊಳೆದ. ಎಂಟು ಮದುವೆಯ ತಟ್ಟೆ, ನಾಲ್ಕು ಮನೆಯ ತಟ್ಟೆ, ಒಂದು ಸಾಲು ಲೋಟ. ಎಲ್ಲ ಜೋಡಿಸಿ ಮುಗಿಸಿದಾಗ ಬಂಗ್ಗೆರಾ ಬಿಸಿಲಿಗೆ ಚರ್ಚಿನ ಪೀಠದ ಹಾಗೆ ಝಗಝಗ ಹೊಳೆಯಿತು.

ಅವನು ಬೆವರು ಒರೆಸಿಕೊಂಡು ನಿಂತಿರುವಾಗಲೇ ಕೆಳಗಿನಿಂದ ಗೊರಿಂಗಳ ದನಿ ಕೇಳಿತು. ಈ ಸಲ ಅದರಲ್ಲಿ ಕುತೂಹಲವಿರಲಿಲ್ಲ, ಅಳು ಇತ್ತು.

"ಹನ್ನೆರಡು ಜನಕ್ಕೆ ಊಟ ಹಾಕಿದ್ಯಾ ಕೂಯಾ? ಮದುವೆ ತಟ್ಟೇಲಿ? ಎದುರು ಮನೆಯವರು ನಾವು, ನಿನ್ನ ಮದುವೆಗೆ ನಾಲ್ಕು ಕೋಳಿ ತಂದುಕೊಟ್ಟವರು. ನಮಗೊಂದು ಮಾತು ಹೇಳ್ಲಿಲ್ಲ!"

"ಇಷ್ಟು ಜನ ಬಂದುಹೋಗಿದಾರೆ, ನಮಗೆ ಸದ್ದೇ ಕೇಳಿಸ್ಲಿಲ್ಲ," ಎಂದಳು ಇನ್ನೊಬ್ಬಳು. "ಹಿಂದಿನ ಬಾಗಿಲಿಂದ ಕರ್ಕೊಂಡಿರಬೇಕು."

"ನೆರೆಯವರು ಬೇಡವಾದ್ವಿ. ಆಯ್ತು ಬಿಡು."

ಮೆಲೆನ್ಸಿಯೊ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ. "ಊಟ ಆಗಿಲ್ಲ ಕಣ್ರೇ! ಇನ್ನೂ ಆಗಬೇಕು! ಅದಕ್ಕೇ ತೊಳೆದಿಟ್ಟಿರೋದು!"

ಕೆಳಗಿದ್ದವರೆಲ್ಲ ಒಟ್ಟಿಗೆ ಕತ್ತೆತ್ತಿದರು.

"ಯಾವತ್ತು?" ಎಂದಳು ಗೊರಿಂಗ್.

"ಇವತ್ತು. ಸಂಜೆ."

"ಯಾರಿಗೆ?"

ಮೆಲೆನ್ಸಿಯೊ ಕೆಳಗಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ನಿಮಗೇ," ಎಂದ.

ಗೊರಿಂಗಳ ಕಣ್ಣೀರು ಅಲ್ಲೇ ಇಂಗಿತು. "ಅಲಾ ಏ! ಮೊದಲೇ ಹೇಳ್ಬಾರ್ದಾ? ನನ್ನ ತಂಗೀನೂ ಬಂದಿದಾಳೆ, ಕರ್ಕೊಂಡು ಬರ್ತೀನಿ."

ಗೇರು ರಿಪೇರಿಗೆಂದು ಇಟ್ಟುಕೊಂಡಿದ್ದ ಹಣ ಆ ಸಂಜೆ ದೊಡ್ಡ ಬಾಣಲೆ ತುಂಬ ಪಾನ್ಸಿತ್ ಶಾವಿಗೆಯಾಗಿ, ಎರಡು ಹುರಿದ ಕೋಳಿಯಾಗಿ, ಹಲಗೆಯ ಮೇಲೆ ಸಾಲಾಗಿ ನಿಂತ ಬಿಯರ್ ಬಾಟಲಿಗಳಾಗಿ ಮನೆಗೆ ಬಂತು. ಐದು ಗಂಟೆಗೆ ಅರ್ಧ ಗಲ್ಲಿ ಮನೆಯೊಳಗಿತ್ತು. ಹಿಲಾರಿಯೊನ್ ಮೈಕು ಹೊತ್ತು ತಂದು, ಒಂದೇ ಹಾಡನ್ನು ಮೂರು ಸಲ ಹಾಡಿ, ಮೂರೂ ಸಲ ಬೇರೆ ಬೇರೆ ಕಡೆ ತಪ್ಪಿದ. ಮದುವೆಯ ತಟ್ಟೆಗಳು ಕೈಯಿಂದ ಕೈಗೆ ಹೋಗುವುದನ್ನು ನೋಡುತ್ತ ಮೆಲೆನ್ಸಿಯೊ ಅವುಗಳ ಹಿಂದೆ ಹಿಂದೆ ಅಂಗೈ ಒಡ್ಡಿಕೊಂಡು ಓಡಾಡಿದ. ಹಾಗಿದ್ದರೂ ಮನೆ ತುಂಬ ನಗು ಕೇಳಿ ಅವನಿಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು. ಗೊರಿಂಗ್ ಎರಡನೇ ಸಲ ಕೋಳಿಯ ತೊಡೆ ಹಾಕಿಸಿಕೊಂಡು, "ಕೂಯಾನಂಥ ಗಂಡಸು ಈ ಗಲ್ಲೀಲಿ ಇನ್ನೊಬ್ಬ ಇಲ್ಲ," ಎಂದೂ ಅಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಪೂರಿಂಗ್ ಬಂದು ನಿಂತಳು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಬಿಚ್ಚಿದ ಚಪ್ಪಲಿ. ಅವಳ ಕಣ್ಣು ಮೊದಲು ಹೋದದ್ದು ನೀಲಿ ಬಳ್ಳಿಯ ತಟ್ಟೆಗಳ ಮೇಲೆ.

ಉಂಡ ಮನೆಯ ಋಣ ಗೊರಿಂಗಳಿಗೆ ತಕ್ಷಣ ಮರೆತುಹೋಯಿತು. ಓಡಿಬಂದು ಪೂರಿಂಗಳ ಕಿವಿಗೆ ಬಾಯಿಟ್ಟಳು. ಪಿಸುಮಾತು ಬಹಳ ಹೊತ್ತು ನಡೆಯಿತು. ನಡುನಡುವೆ "ಎರಡು ತಟ್ಟೆ", "ಚಮಚ", "ಬಚ್ಚಿಟ್ಟ" ಎಂಬ ಮಾತುಗಳು ಇಡೀ ಕೋಣೆಗೆ ಕೇಳಿದವು. ಹಿಲಾರಿಯೊನ್ ಮೈಕು ಆರಿಸಿದ. ಮೆಲೆನ್ಸಿಯೊ ಗೋಡೆಗೆ ಅಂಟಿಕೊಂಡು ನಿಂತ. ಸಾಧ್ಯವಿದ್ದರೆ ಅದರ ಬಣ್ಣವಾಗಿಬಿಡುತ್ತಿದ್ದ.

ಪೂರಿಂಗ್ ಬುಟ್ಟಿ ಕೆಳಗಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಗೊರಿಂಗ್, ಅದು ನನ್ನ ತಟ್ಟೆ ಕಣೇ! ಬಸ್ಸಿಗೆ ಮುಂಚೆ ತಂಗಳನ್ನ ತಿಂದು ಹಾಗೇ ಬಿಟ್ಟುಹೋಗಿದ್ದೆ. ಪಾಪ, ಇವನು ತೊಳೆದಿಟ್ಟಿದಾನೆ."

"ಮತ್ತೆ ಚಮಚ? ಹೆಂಗಸು ಬರಬೇಕಿತ್ತಲ್ಲ?"

"ಬಂದ್ನಲ್ಲ! ನಾನೇನು ಗಂಡಸಾ?"

ಮನೆ ನಗೆಯಲ್ಲಿ ಮುಳುಗಿತು. ಎಲ್ಲರೂ ಮೆಲೆನ್ಸಿಯೊನ ಬೆನ್ನು ತಟ್ಟಿದರು. ಗೊರಿಂಗ್ ಮಾತ್ರ, ಅರ್ಧ ದಿನದ ದುಡಿಮೆ ನೀರಿಗೆ ಹೋಯಿತಲ್ಲ ಎಂಬ ಮುಖದಲ್ಲಿ, ಉಳಿದ ಶಾವಿಗೆಯನ್ನು ಡಬ್ಬಿಗೆ ತುಂಬಿಕೊಂಡು ಹೊರಟಳು.

ಕೊನೆಯ ಅತಿಥಿಯೂ ಇಳಿದುಹೋದ ಮೇಲೆ ಮೆಲೆನ್ಸಿಯೊನ ಕಣ್ಣು ತುಂಬಿ ಬಂತು. ಬೆಳಿಗ್ಗೆ ಪೂರಿಂಗ್ ಕುಡಿದದ್ದು ಒಂದು ಲೋಟ ಕಾಫಿ, ಅದೂ ನಿಂತುಕೊಂಡೇ. ತಂಗಳನ್ನ ಮುಟ್ಟಿರಲಿಲ್ಲ. ತನ್ನ ಮಾನ ಉಳಿಸಲು ಇಷ್ಟು ಜನರೆದುರು ಸುಳ್ಳು ಹೇಳಿದಳಲ್ಲ! ಇಂಥವಳಿಗೆ ನಿಜ ಹೇಳಲು ಯಾವ ನಾಚಿಕೆ?

ಪೂರಿಂಗ್ ಹೋಗಿ ಕಿಟಕಿ ಮುಚ್ಚಿದಳು. ಕುರ್ಚಿ ಎಳೆದು ಅವನೆದುರು ಕೂತಳು. ಈಗ ಮುಖದಲ್ಲಿ ನಗುವಿನ ಚೂರೂ ಇರಲಿಲ್ಲ.

"ಈಗ ಹೇಳು. ಯಾರವಳು?"

"ಯಾರೂ ಇಲ್ಲ ಪೂರಿಂಗ್. ಆ ತಟ್ಟೆ ನಿನಗೇ ಇಟ್ಟಿದ್ದು. ನೀನಿಲ್ಲ ಅನ್ನೋದು ಮರೆತುಹೋಗಿ ಊಟಕ್ಕೆ ಕರೆದೂಬಿಟ್ಟೆ."

ಪೂರಿಂಗ್ ಅವನನ್ನೇ ನೋಡಿದಳು. "ಮೂವತ್ತೊಂದು ವರ್ಷ ನಾನು ಮನೇಲೇ ಇದ್ದೆ. ಒಂದು ದಿನ ನನಗೆ ತಟ್ಟೆ ಇಟ್ಟವನಲ್ಲ, ಊಟಕ್ಕೆ ಬಾ ಅಂತ ಕರೆದವನಲ್ಲ. ಇಲ್ಲದಿರೋ ದಿನ ನೋಡಿ ಇಟ್ಯಾ, ಕರೆದ್ಯಾ?"

"ದೇವರಾಣೆ."

"ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳೋ! ಗೊರಿಂಗ್ ಎದುರು ಮರ್ಯಾದೆ ಹೋಗಬಾರದು ಅಂತ ನಾನು ಎಷ್ಟು ನೀಟಾಗಿ ಹೇಳ್ದೆ, ನೋಡಿದ್ಯಲ್ಲ?"

ಅವಳು ಎದ್ದು ಎಂಜಲು ತಟ್ಟೆಗಳನ್ನೆಲ್ಲ ಒಟ್ಟಿ ಅವನ ಮುಂದೆ ಗುಡ್ಡೆ ಹಾಕಿದಳು. "ತೊಳಿ. ಅವಳ ಹೆಸರು ನೆನಪಾಗೋ ತನಕ ತೊಳೀತಾ ಇರು."

ಮೆಲೆನ್ಸಿಯೊ ಅಂಗಿಯ ತೋಳು ಮಡಚಿಕೊಂಡು ತೊಟ್ಟಿಯ ಮುಂದೆ ನಿಂತ. ಒಂದು ತಟ್ಟೆ ಉಜ್ಜಿದ, ಇನ್ನೊಂದು ಉಜ್ಜಿದ, ಹೆಂಡತಿಯ ಕಡೆ ತಿರುಗಿ ನೋಡಿದ. ಅವಳು ಕಾಲ ಮೇಲೆ ಕಾಲು ಹಾಕಿ ಕಾಯುತ್ತಿದ್ದಳು. ಮೂರನೇ ತಟ್ಟೆಗೆ ಸೋಪು ಹಚ್ಚುತ್ತ ಅವನು, ಅವಳು ನಂಬುವಂಥ ಒಂದು ಹೆಂಗಸಿನ ಹೆಸರಿಗಾಗಿ ತಲೆ ಕೆರೆದುಕೊಳ್ಳತೊಡಗಿದ.